ಗಾಳ ಮರೆತ ಕೆರೆಗಳು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜ್ಯವನ್ನು ಗಳಿಸುವ ಬಗೆ, ಗಳಿಸಿದ್ದನ್ನು ಉಳಿಸಿಕೊಳ್ಳುವ ಬಗೆಗಳಿಂದ ಮೊದಲುಗೊಂಡು ಅಡುಗೆ, ಸಂಗೀತ, ಚಿತ್ರಕಲೆ, ಆಟಪಾಟಗಳವರೆಗೆ ನೂರು ಅಧ್ಯಾಯಗಳಲ್ಲಿ ಹರಡಿಕೊಂಡಿರುವ ಈ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬುದೂ ಒಂದು. ಮೀನಿನ ಜಾತಿಗಳು ಯಾವುವು, ಯಾವ ಮೀನಿಗೆ ಯಾವ ಎರೆ ಒಪ್ಪುವುದು, ಗಾಳದ ಹುರಿ ಮತ್ತು ಕೋಲುಗಳು ಹೇಗಿರಬೇಕು ಎಂಬ ವಿವರಗಳನ್ನೆಲ್ಲ ದೊರೆಯು ಅಲ್ಲಿ ಹೇಳಿದ್ದಾನೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ವಿದ್ವತ್ಪೂರ್ಣ ಲೇಖನವೊಂದನ್ನು ಪ್ರಕಟಿಸಿದರು. ಗಾಳ ಹಾಕಿ ನೀರ ದಡದಲ್ಲಿ ಕುಳಿತುಕೊಳ್ಳುವುದು ಸೋಮಾರಿಗಳ ಕೆಲಸವೆಂದು ಹಗುರವಾಗಿ ಮಾತನಾಡುವವರು ಈ ಸಂಗತಿಯನ್ನು ನೆನಪಿಡಬೇಕು. ಕನ್ನಡ ನಾಡನ್ನು ಆಳಿದ ದೊರೆಯೊಬ್ಬನು ಅದನ್ನು ಶಾಸ್ತ್ರವೆಂದು ಬಗೆದು ಬರೆದಿಟ್ಟಿದ್ದಾನೆ.

ರಾಜನಿಗೆ ವಿನೋದವಾಗಿದ್ದುದು ನಮ್ಮ ಸೀಮೆಯ ಬಡ ಹುಡುಗರಿಗೂ ವಿನೋದವಾಗಿಯೇ ಇತ್ತು. ಬೆಂಗಳೂರಿನ ಉತ್ತರ ಭಾಗಕ್ಕೆ ದೊಡ್ಡ ನದಿಯಿಲ್ಲ. ಆ ಕೊರತೆಯನ್ನು ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿ ತುಂಬಿಕೊಂಡರು. ಹೆಬ್ಬಾಳದ ಕೆರೆಯು ಕೆಂಪೇಗೌಡರ ಕಾಲದ್ದೆಂದು ಪ್ರತೀತಿಯಿದೆ. ಈ ಕೆರೆಗಳು ಬಿಡಿಬಿಡಿಯಾದ ಹೊಂಡಗಳಲ್ಲ. ಒಂದರ ಕೋಡಿಯ ನೀರು ಇನ್ನೊಂದರ ಒಡಲಿಗೆ ಬೀಳುವಂತೆ ಪೋಣಿಸಿದ ಸರ. ಯಲಹಂಕದ ಕೆರೆ ತುಂಬಿದರೆ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ ಹರಿಯುತ್ತದೆ. ಹೆಬ್ಬಾಳದ ನೀರು ನಾಗವಾರಕ್ಕೆ ಇಳಿಯುತ್ತದೆ. ಕೊನೆಗೆ ಎಲ್ಲವೂ ಎಲೆಮಲ್ಲಪ್ಪಶೆಟ್ಟಿ ಕೆರೆಯ ಕಡೆಗೆ ಸಾಗಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತವೆ. ಮೀನುಗಳಿಗೂ ಇದೇ ರಾಜಮಾರ್ಗವಾಗಿತ್ತು. ಮುಂಗಾರಿನ ಹೊಸ ನೀರು ಕಾಲುವೆಗಳಲ್ಲಿ ನುಗ್ಗಿದಾಗ ಅವು ಹರಿವಿಗೆ ಎದುರಾಗಿ ಈಜಿ, ಮೇಲಿನ ಗದ್ದೆ ಬಯಲುಗಳಲ್ಲಿ ಮೊಟ್ಟೆಯಿಟ್ಟು ಬರುತ್ತಿದ್ದವು.

ನಾನು ಬಾಲಕನಾಗಿದ್ದ 1970ರ ದಶಕದ ಮೊದಲ ವರ್ಷಗಳಲ್ಲಿ ಭಾನುವಾರ ಬಂದಿತೆಂದರೆ ಹೆಬ್ಬಾಳದ ಏರಿಯ ಮೇಲೆ ಗಾಳದ ಕೋಲುಗಳ ಸಾಲು ಕಾಣುತ್ತಿತ್ತು. ಯಶವಂತಪುರದ ಕಾರ್ಖಾನೆಗಳ ಕಾರ್ಮಿಕರು, ರೈಲ್ವೆಯ ನೌಕರರು, ಸುತ್ತಣ ಹಳ್ಳಿಗಳ ರೈತರು, ಶಾಲೆಯ ಹುಡುಗರು—ಎಲ್ಲರೂ ಒಂದೇ ಏರಿಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತಿರುತ್ತಿದ್ದರು. ಅದಕ್ಕೆ ಬೇಕಾದ ಸಲಕರಣೆಗಳಾದರೂ ಎಷ್ಟು? ಸಣ್ಣ ಬಿದಿರಿನ ಕೋಲು, ಒಂದಿಷ್ಟು ದಾರ, ಸಂತೆಯಲ್ಲಿ ಕೆಲವೇ ಪೈಸೆಗಳಿಗೆ ಸಿಕ್ಕುವ ಗಾಳ, ಜೋಳದ ದಂಟಿನಿಂದ ಮಾಡಿದ ಬೆಂಡು. ಗೆಂಡೆ ಮೀನಿಗೆ ರಾಗಿ ಮುದ್ದೆಯ ಚೂರು ಸಾಕು. ಚೇಳುಮೀನಿಗೆ ಎರೆಹುಳು ಬೇಕು. ಅದು ಸಿಕ್ಕಿದಾಗ ಮುಳ್ಳು ಚುಚ್ಚದಂತೆ ಹಿಡಿಯುವ ಜಾಣ್ಮೆಯೂ ಬೇಕು. ಹಾವಿನಂಥ ತಲೆಯ ಕೊರವನಿಗೆ ಕಪ್ಪೆಮರಿಯನ್ನೇ ಕಟ್ಟಬೇಕು. ಉದ್ದ ಮೀಸೆಯ ಬಾಳೆಮೀನು ಬಿತ್ತೆಂದರೆ ಅಂದು ಏರಿಯ ಮೇಲಿದ್ದವರೆಲ್ಲ ಎದ್ದು ನಿಂತು ನೋಡುವರು.

ಕೆರೆಯ ತೂಬನ್ನು ತೆಗೆದು ಮುಚ್ಚಿ, ಗದ್ದೆಗಳಿಗೆ ಸರದಿಯ ಮೇಲೆ ನೀರು ಹಂಚುತ್ತಿದ್ದವನಿಗೆ ನೀರುಗಂಟಿ ಎಂದು ಹೆಸರು. ನಮ್ಮ ಕಡೆಯ ನೀರುಗಂಟಿ ತಾತನೇ ನಮಗೆ ಗಾಳದ ಗುರು. ಇಡೀ ಬೆಳಗು ಕುಳಿತರೂ ಬೆಂಡು ಅಲುಗದಿದ್ದಾಗ ನಾನೊಮ್ಮೆ, “ತಾತ, ಮೀನು ಯಾಕೆ ಕಚ್ತಿಲ್ಲ?” ಎಂದು ಕೇಳಿದೆ. ಅವನು ನಕ್ಕು, “ಮೀನಿಗೆ ಹೊಟ್ಟೆ ಹಸೀಬೇಕಲ್ಲ ಮಗ! ನಿನ್ನ ಹಸಿವಿಗೂ ಅದರ ಹಸಿವಿಗೂ ಗಂಟೆ ಒಂದೇನಾ?” ಎಂದನು. ಕೊರವ ಮೀನು ಮರಿ ಮಾಡಿದಾಗ ತಂದೆತಾಯಿಗಳು ಜೊಂಡಿನ ನಡುವೆ ಮರಿಗಳ ಹಿಂಡನ್ನು ಕಾಯುತ್ತ ಸುತ್ತುತ್ತಿರುತ್ತವೆ. ಆ ಹೊತ್ತಿನಲ್ಲಿ ಅವು ಎದುರಿಗೆ ಬಂದ ಯಾವುದನ್ನೇ ಆದರೂ ಕಚ್ಚುತ್ತವೆ; ಹಿಡಿಯುವುದು ಬಲು ಸುಲಭ. ತಾತ ಅಂತಹ ಮೀನಿನ ಹತ್ತಿರ ಗಾಳ ಹಾಕಲು ಯಾರಿಗೂ ಬಿಡುತ್ತಿರಲಿಲ್ಲ. “ಮರಿ ಕಾಯೋ ತಾಯಿಗೆ ಗಾಳ ಹಾಕಬಾರದು” ಎಂಬುದು ಅವನ ಕಟ್ಟಳೆ. ಯಾವ ಸರ್ಕಾರದ ಆಜ್ಞೆಯೂ ಅದರ ಹಿಂದೆ ಇರಲಿಲ್ಲ. ಆದರೂ ಏರಿಯ ಮೇಲಿನವರೆಲ್ಲ ಅದಕ್ಕೆ ತಲೆಬಾಗುತ್ತಿದ್ದರು.

ಇಂದು ಆ ಸಾಲು ಇಲ್ಲ. ಅಲ್ಲೊಬ್ಬ ಇಲ್ಲೊಬ್ಬ ಕಣ್ಣು ತಪ್ಪಿಸಿ ದಾರ ಎಸೆಯುವುದುಂಟು. ಹಲವು ಕೆರೆಗಳ ಬಾಗಿಲಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಿದ ಫಲಕ ತೂಗುತ್ತಿದೆ. ಇಷ್ಟಕ್ಕೆ ಹಳಬರು ನಿಟ್ಟುಸಿರು ಬಿಡುವುದೇಕೆ, ಒಂದು ಹವ್ಯಾಸ ಹೋದರೆ ಇನ್ನೊಂದು ಬಂದೀತು ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಉತ್ತರಿಸಬೇಕಾದರೆ ಆ ಹವ್ಯಾಸ ಹೇಗೆ ಹೋಯಿತೆಂಬುದನ್ನು ಮೊದಲು ತಿಳಿಯಬೇಕು.

ನಗರಕ್ಕೆ ಕೆರೆಯ ನೀರು ಬೇಕಾಗಿದ್ದಷ್ಟು ಕಾಲ ಕೆರೆಗೆ ಗೌರವವಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದಲ್ಲಿ ಅರ್ಕಾವತಿಗೆ ಕಟ್ಟಿದ ಜಲಾಶಯವು ಬೆಂಗಳೂರಿಗೆ ನೀರು ಕೊಟ್ಟಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂದಿತು. 1974ರಲ್ಲಿ ಕಾವೇರಿಯ ನೀರು ನಗರವನ್ನು ಮುಟ್ಟಿತು. 2024ರ ಅಕ್ಟೋಬರ್ ತಿಂಗಳಲ್ಲಿ ಆ ಯೋಜನೆಯ ಐದನೆಯ ಹಂತವೂ ಉದ್ಘಾಟನೆಗೊಂಡಿತು. ಸುಮಾರು ನೂರು ಕಿಲೋಮೀಟರ್ ದೂರದ ನದಿಯು ನಲ್ಲಿಯಲ್ಲಿ ಹರಿಯತೊಡಗಿದ ಮೇಲೆ ಮನೆಯ ಪಕ್ಕದ ಕೆರೆಯು ಯಾರಿಗೂ ಬೇಡವಾಯಿತು. ನಾವು ಬಳಸಿದ ನೀರಿನ ಬಹುಪಾಲು ಕೊಳಕು ನೀರಾಗಿ ಹೊರಬೀಳುತ್ತದೆ. ಅದಕ್ಕೆ ತಕ್ಕ ಒಳಚರಂಡಿಯನ್ನು ಕಟ್ಟುವ ಮೊದಲೇ ಬಡಾವಣೆಗಳು ಎದ್ದವು. ಮಳೆಯ ನೀರಿಗೆಂದು ಇದ್ದ ರಾಜಕಾಲುವೆಗಳು ಕೊಳಚೆಯನ್ನು ಹೊತ್ತು ತಂದು ಕೆರೆಗೆ ಸುರಿದವು.

ಕೆಲವು ಕೆರೆಗಳಂತೂ ಹೆಸರಿನಲ್ಲಿ ಮಾತ್ರ ಉಳಿದವು. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಇಂದು ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ನಮ್ಮ ಮತ್ತಿಕೆರೆಯ ಅಂಗಳದಲ್ಲಿ ಉದ್ಯಾನವಿದೆ. ಉಳಿದಿರುವ ಕೆರೆಗಳನ್ನು ಕಾಪಾಡುವ ದಾರಿಯನ್ನು ಸೂಚಿಸಲು ಎನ್. ಲಕ್ಷ್ಮಣರಾವ್ ಅವರ ನೇತೃತ್ವದ ಸಮಿತಿಯನ್ನು 1980ರ ದಶಕದಲ್ಲಿ ಸರ್ಕಾರ ನೇಮಿಸಿತು. ಆ ಸಮಿತಿ ಕೊಟ್ಟ ಸಲಹೆಗಳು ಒಳ್ಳೆಯವೇ. ಆದರೆ ಅಷ್ಟು ಹೊತ್ತಿಗೆ ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗಿತ್ತು.

ಕೊಳಚೆಯಿಂದ ಮೀನು ಸಾಯುವ ಬಗೆಯನ್ನು ನೀವು ವಿಜ್ಞಾನದ ಪಾಠಗಳ ನೆರವಿನಿಂದ ಸುಲಭವಾಗಿ ಅರಿಯಬಹುದು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ಒಂದು ಲೀಟರ್ ನೀರಿನಲ್ಲಿ ಸುಮಾರು 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಹೆಚ್ಚಿನ ಮೀನುಗಳು ಸುಖವಾಗಿ ಬಾಳುತ್ತವೆ. 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಉಸಿರು ಕಟ್ಟುತ್ತದೆ. ಕೊಳಚೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಈ ಆಮ್ಲಜನಕವನ್ನು ಕಬಳಿಸುತ್ತವೆ. ಕೊಳಚೆಯ ಸಾರವನ್ನು ಉಂಡು ಕೊಬ್ಬಿದ ಪಾಚಿಯು ಹಗಲಿನಲ್ಲಿ ಆಮ್ಲಜನಕವನ್ನು ಬಿಟ್ಟರೂ ರಾತ್ರಿಯಲ್ಲಿ ತಾನೇ ಅದನ್ನು ಹೀರುತ್ತದೆ. ಬೇಸಿಗೆಯ ಬಿಸಿನೀರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದೇ ಕಡಿಮೆ. ಇವೆಲ್ಲ ಒಂದು ಇರುಳು ಕೂಡಿಬಂದರೆ ಬೆಳಗಾಗುವಷ್ಟರಲ್ಲಿ ಕೆರೆಯ ತುಂಬ ಬಿಳಿಯ ಹೊಟ್ಟೆಗಳು ತೇಲುತ್ತವೆ. 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಹೀಗೆ ಸತ್ತು ತೇಲಿದ್ದನ್ನು ಇಡೀ ನಗರ ಕಂಡಿತು.

ಸಾಯದೆ ಉಳಿದ ನೀರಿನಲ್ಲಿಯೂ ಮೀನಿನ ಸಂಸಾರ ಬದಲಾಯಿತು. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ, ನಮ್ಮ ಜನರ ಬಾಯಲ್ಲಿ ಜಿಲೇಬಿ ಮೀನು, ಕೆಟ್ಟ ನೀರನ್ನೂ ಸಹಿಸಿ ಬೇಗಬೇಗನೆ ಮರಿಮಾಡಿ ಕೆರೆಗಳನ್ನು ಆಕ್ರಮಿಸಿತು. ಆಫ್ರಿಕದ ಕ್ಯಾಟ್‌ಫಿಶ್ ಎಂಬ ಹೊಟ್ಟೆಬಾಕ ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದರೂ ಅದು ನಮ್ಮ ನೀರುಗಳಿಂದ ತೊಲಗಿಲ್ಲ. ಕೆರೆಗಳನ್ನು ‘ಅಭಿವೃದ್ಧಿ’ಪಡಿಸುವಾಗ ಸುತ್ತಲೂ ಕಲ್ಲು ಕಟ್ಟಿ, ದಡದ ಜೊಂಡನ್ನು ಕಿತ್ತು, ಕೆರೆಯನ್ನು ಬಟ್ಟಲಿನಂತೆ ಆಳವಾಗಿ ತೋಡಿದ್ದುಂಟು. ನೋಡಲು ಅದು ಅಚ್ಚುಕಟ್ಟಾಗಿಯೇ ಇದೆ. ಆದರೆ ಕೊರವನಂತಹ ಮೀನುಗಳಿಗೆ ತೊಟ್ಟಿಲಾಗಿದ್ದುದು ದಡದ ಆಳವಿಲ್ಲದ ನೀರು ಮತ್ತು ಜೊಂಡು. ತೊಟ್ಟಿಲನ್ನು ಮುರಿದು ಮನೆಗೆ ಸುಣ್ಣ ಹೊಡೆದಂತಾಯಿತು ಈ ಕೆಲಸ.

ಇಂತಹ ಅಳಲು ನಮ್ಮೊಬ್ಬರದೇ ಅಲ್ಲ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ವಿಂಟರ್ ಫ್ಲೌಂಡರ್ ಎಂಬ ಚಪ್ಪಟೆ ಮೀನೊಂದಿದೆ. ಅದರ ಎರಡು ಕಣ್ಣುಗಳೂ ತಲೆಯ ಒಂದೇ ಮಗ್ಗುಲಲ್ಲಿರುತ್ತವೆ. ಚಳಿಗಾಲದಲ್ಲಿ ಅದು ಮೊಟ್ಟೆಯಿಡಲು ಅಳಿವೆಗಳ ಒಳಗೆ ಬರುತ್ತದೆ. ಹಿಮ ಕರಗುವ ಹೊತ್ತಿಗೆ ತಂದೆ ಮಕ್ಕಳು ಸಣ್ಣ ದೋಣಿಗಳಲ್ಲಿ ಕುಳಿತು ಅದಕ್ಕೆ ಗಾಳ ಹಾಕುವುದು ಅಲ್ಲಿನ ವಸಂತದ ಹಬ್ಬವಾಗಿತ್ತು. ಮಿತಿಮೀರಿದ ಬೇಟೆ, ಹಾಳಾದ ಅಳಿವೆಗಳು, ಬೆಚ್ಚಗಾಗುತ್ತಿರುವ ಕಡಲು ಇವುಗಳಿಂದ 1980ರ ದಶಕದಿಂದೀಚೆಗೆ ಆ ಮೀನು ದಕ್ಷಿಣದ ತೀರಗಳಲ್ಲಿ ಬಹಳವಾಗಿ ಕುಸಿಯಿತು. 2009ರಲ್ಲಿ ಆ ತೀರಗಳಲ್ಲಿ ಒಬ್ಬನಿಗೆ ದಿನಕ್ಕೆ ಎರಡೇ ಮೀನು ಎಂದು ಮಿತಿ ಹಾಕಬೇಕಾಯಿತು. ಆದರೂ ಮೀನು ಹಿಂದಿನಂತೆ ಮರಳಲಿಲ್ಲ. ಒಮ್ಮೆ ಕಳೆದುಕೊಂಡದ್ದನ್ನು ಕಾನೂನಿನಿಂದ ಮಾತ್ರವೇ ಮರಳಿ ಕರೆಯಲಾಗುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ನಮ್ಮ ಕಾವೇರಿಯ ಕತೆ ಇನ್ನೂ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಗೂನುಬೆನ್ನಿನ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲದ ಮಹಾಮತ್ಸ್ಯ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಸಿಕ್ಕ ಮಹಶೀರ್ 120 ಪೌಂಡು ತೂಗಿತು. ಮುಂದೆ ಕಾವೇರಿಯ ತೀರದ ಗಾಲಿಬೋರೆಯಂತಹ ಶಿಬಿರಗಳಲ್ಲಿ ಗಾಳಗಾರರು ಮೀನನ್ನು ಹಿಡಿದು, ತೂಗಿ, ಬರೆದಿಟ್ಟು, ಮತ್ತೆ ನೀರಿಗೇ ಬಿಡುವ ಪದ್ಧತಿಯನ್ನು ಬೆಳೆಸಿದರು. ನದಿಗೆ ಹೊರಗಿನಿಂದ ತಂದು ಬಿಟ್ಟ ಬೇರೊಂದು ಜಾತಿಯ ಮಹಶೀರ್ ಹೆಚ್ಚುತ್ತ, ಮೂಲದ ಗೂನುಬೆನ್ನಿನ ಮೀನು ಕಣ್ಮರೆಯಾಗುತ್ತಿದೆ ಎಂಬುದು ವಿಜ್ಞಾನಿಗಳಿಗೆ ಗೊತ್ತಾದುದು ಹೇಗೆ ಬಲ್ಲಿರಾ? 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಆ ದಿನಚರಿಗಳಿಂದ! 2018ರಲ್ಲಿ ಆ ಮೀನನ್ನು ಅಳಿವಿನಂಚಿನಲ್ಲಿರುವ ಜೀವಿಗಳ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಲಾಯಿತು. ಗಾಳಗಾರರ ಲೆಕ್ಕದ ಪುಸ್ತಕವಿರದಿದ್ದರೆ ಅದು ಸದ್ದಿಲ್ಲದೆ ಅಳಿದುಹೋಗುತ್ತಿತ್ತೇನೋ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೋದದ್ದು ಒಂದು ಹವ್ಯಾಸವಷ್ಟೇ ಆಗಿದ್ದರೆ ಅಳುವ ಅಗತ್ಯವಿರಲಿಲ್ಲ. ಕೆರೆಯನ್ನು ದಿನದಿನವೂ ನೋಡುವ ಕಣ್ಣುಗಳು ಹೋದವೆಂಬುದೇ ನನ್ನ ಚಿಂತೆ. ಏರಿಯ ಮೇಲೆ ಕುಳಿತವನಿಗೆ ನೀರಿನ ಬಣ್ಣ ಬದಲಾದರೆ ತಿಳಿಯುತ್ತಿತ್ತು. ಯಾವ ಮೂಲೆಯಿಂದ ಕೆಟ್ಟ ವಾಸನೆ ಬಂದಿತೆಂದು ತಿಳಿಯುತ್ತಿತ್ತು. ಯಾವ ಮೀನು ಈ ವರ್ಷ ಕಾಣಿಸಲಿಲ್ಲ ಎಂದು ತಿಳಿಯುತ್ತಿತ್ತು. ಇಂದು ಸಾವಿರಾರು ಜನ ಕೆರೆಯ ಸುತ್ತ ಕಟ್ಟಿದ ಹಾದಿಯಲ್ಲಿ ಆರೋಗ್ಯಕ್ಕಾಗಿ ನಡೆಯುತ್ತಾರೆ. ಅದು ಒಳ್ಳೆಯದೇ. ಆದರೆ ಬೇಲಿಯಾಚೆಗಿನ ನೀರು ಅವರಿಗೆ ಒಂದು ಚಿತ್ರಪಟ. ಚಿತ್ರಪಟದೊಳಗೆ ಉಸಿರು ಕಟ್ಟುತ್ತಿರುವ ಜೀವಿಗಳ ಗೋಳು ನಡೆಯುವವನಿಗೆ ಕೇಳಿಸುವುದಿಲ್ಲ.

ನನ್ನ ಮಾತಿಗೆ ಆಕ್ಷೇಪಗಳಿಲ್ಲದಿಲ್ಲ. ವಿನೋದಕ್ಕಾಗಿ ಒಂದು ಪ್ರಾಣಿಯ ಬಾಯಿಗೆ ಕೊಕ್ಕೆ ಚುಚ್ಚುವುದು ಹಿಂಸೆಯಲ್ಲವೇ ಎಂದು ಕೇಳುವವರಿದ್ದಾರೆ. ಪ್ರಾಣಿದಯೆಯನ್ನು ಬೋಧಿಸಿದ ಜೈನರು, ಶರಣರು, ದಾಸರು ಬಾಳಿದ ನಾಡಿನಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮನಸ್ಸು ಒಪ್ಪದವನು ಗಾಳವನ್ನು ಮುಟ್ಟದಿರಲಿ. ಅವನ ದಯೆಗೆ ನನ್ನ ನಮಸ್ಕಾರ. ಆದರೆ ಅದೇ ದಯೆಯು ಚರಂಡಿಯ ಕೊಳವೆಯ ಕಡೆಗೂ ತಿರುಗಬೇಕು. ಗಾಳವು ಒಂದು ದಿನಕ್ಕೆ ಒಂದೆರಡು ಮೀನನ್ನು ಹಿಡಿಯುತ್ತದೆ. ಕೊಳಚೆಯು ಒಂದೇ ಇರುಳಿನಲ್ಲಿ ಸಾವಿರಾರನ್ನು, ಅವುಗಳ ಮರಿಗಳನ್ನು, ಮುಂದೆ ಹುಟ್ಟಬೇಕಾದವುಗಳನ್ನು ಸಹ ಕೊಲ್ಲುತ್ತದೆ. ಗಾಳದ ಕೋಲನ್ನು ಹಿಡಿದ ಹುಡುಗನನ್ನು ಗದರಿಸಿ ಓಡಿಸುವ ನಾವು, ಕೊಳಚೆಯನ್ನು ಬಿಡುವ ಕಟ್ಟಡದ ಮುಂದೆ ಮೌನವಾಗಿರುವುದು ಯಾವ ಅಹಿಂಸೆ?

ಹಳೆಯದೆಲ್ಲ ಚಿನ್ನವೆಂಬುದು ಮುದುಕರ ಭ್ರಮೆ ಎಂದು ಮತ್ತೆ ಕೆಲವರು ಹೇಳುತ್ತಾರೆ. ಅದರಲ್ಲೂ ಸತ್ಯವಿದೆ. ಹಿಂದಿನ ಕಾಲದಲ್ಲಿ ಎಲ್ಲರೂ ಮರಿಕಾಯುವ ಮೀನನ್ನು ಬಿಟ್ಟವರಲ್ಲ. ಸಿಡಿಮದ್ದು ಹಾಕಿ ಮೀನನ್ನು ಕೊಂದವರೂ ಇದ್ದರು. ಈಜು ಬಾರದ ಮಕ್ಕಳು ಕೆರೆಗಳಲ್ಲಿ ಮುಳುಗಿದ್ದೂ ಉಂಟು. ಆದ್ದರಿಂದ ಹಿಂದಿನ ದಿನಗಳನ್ನೇ ಮರಳಿ ತನ್ನಿರೆಂದು ನಾನು ಕೇಳುವುದಿಲ್ಲ. ಅಂದಿನ ಒಳ್ಳೆಯದನ್ನು ಇಂದಿನ ತಿಳಿವಿನೊಡನೆ ಕೂಡಿಸಬೇಕೆಂದಷ್ಟೇ ನನ್ನ ಬಿನ್ನಹ.

ಅದು ಆಗದ ಮಾತಲ್ಲ. ಸುಮಾರು 160 ಎಕರೆಯ ಜಕ್ಕೂರು ಕೆರೆಯನ್ನೇ ನೋಡಿ. ಅಲ್ಲಿ ಕೊಳಚೆ ನೀರನ್ನು ಮೊದಲು ಘಟಕವೊಂದರಲ್ಲಿ ಶುದ್ಧೀಕರಿಸಿ, ಅನಂತರ ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡನ್ನು ಮಾಡಿದರು. ಊರಿನ ಜನ ಕಾವಲಿಗೆ ನಿಂತರು. ಹಕ್ಕಿಗಳು ಬಂದವು, ಬೆಸ್ತರು ತೆಪ್ಪದಲ್ಲಿ ಹೋಗಿ ಮೀನು ಹಿಡಿದರು. ದೋಷಗಳು ಅಲ್ಲಿಯೂ ಇರಬಹುದು. ಆದರೂ ಸತ್ತಂತಿದ್ದ ಕೆರೆಯು ಉಸಿರಾಡಬಲ್ಲುದೆಂಬುದಕ್ಕೆ ಅದು ಸಾಕ್ಷಿ.

ಆದುದರಿಂದ ನಮ್ಮ ಭಾಗದ ಪ್ರತಿಯೊಂದು ದೊಡ್ಡ ಕೆರೆಯಲ್ಲಿಯೂ ದಡದ ಒಂದು ಭಾಗವನ್ನು, ಕಾವಲುಗಾರನ ಕಣ್ಣಳತೆಯಲ್ಲಿ, ಗಾಳಕ್ಕೆಂದು ಬಿಡಬೇಕು. ಅಲ್ಲಿ ಬಲೆ ಕೂಡದು. ಒಬ್ಬನಿಗೆ ಒಂದೇ ಕೋಲು, ದಿನಕ್ಕೆ ಎರಡೇ ಮೀನು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಇಳಿಯುವಂತಿಲ್ಲ. ಹಾಗೆಯೇ ಕೆರೆಯ ಮೀನುಗಳು ಮೊಟ್ಟೆಯಿಡುವ ಮಳೆಗಾಲದಲ್ಲಿ ಗಾಳಕ್ಕೂ ರಜೆ ಇರಲಿ. ಮೀನುಗಾರಿಕೆಯ ಗುತ್ತಿಗೆ ಹಿಡಿದು ಹೊಟ್ಟೆ ಹೊರೆಯುವ ಬೆಸ್ತರ ಹಕ್ಕಿಗೆ ಇದರಿಂದ ಧಕ್ಕೆ ಬರಬಾರದು. ಕಲ್ಲು ಕಟ್ಟಿದ ದಡದ ಸ್ವಲ್ಪ ಭಾಗವನ್ನಾದರೂ ಇಳಿಜಾರಾಗಿ ಬಿಟ್ಟು ಜೊಂಡು ಬೆಳೆಯಗೊಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಅದರ ಮೀನು ತಿನ್ನಲು ಯೋಗ್ಯವೇ ಅಲ್ಲವೇ ಎಂಬುದನ್ನು ಕೆರೆಯ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಯೋಗ್ಯವೆಂದು ತಿಳಿಯುವವರೆಗೆ ಹಿಡಿದದ್ದನ್ನು ಮರಳಿ ನೀರಿಗೆ ಬಿಡಬೇಕು. ತನ್ನ ಮೀನನ್ನು ನಿರ್ಭಯವಾಗಿ ಒಂದು ಮಗುವಿಗೆ ಉಣಿಸಲಾಗದ ಕೆರೆಯು, ಅದರ ಸುತ್ತ ಎಷ್ಟೇ ದೀಪಗಳು ಉರಿಯಲಿ, ಉದ್ಧಾರವಾದ ಕೆರೆಯೆಂದು ನಾನು ಒಪ್ಪಲಾರೆ.

ಇದೆಲ್ಲ ಹಿರಿಯರ ಕೆಲಸ, ನಾವೇನು ಮಾಡಬಲ್ಲೆವು ಎಂದು ವಿದ್ಯಾರ್ಥಿಗಳಾದ ನೀವು ಹಿಂಜರಿಯಬೇಕಾಗಿಲ್ಲ. ಕಾವೇರಿಯ ಗಾಳಗಾರರು ಬರೆದಂತೆ ನೀವೂ ಒಂದು ಪುಸ್ತಕವನ್ನು ಇಡಬಹುದು. ನಿಮ್ಮ ಶಾಲೆಗೆ ಹತ್ತಿರದ ಕೆರೆಗೆ ವಾರಕ್ಕೊಮ್ಮೆ ಅಧ್ಯಾಪಕರೊಡನೆ ಹೋಗಿ ನೀರಿನ ಬಣ್ಣ, ವಾಸನೆ, ಮಟ್ಟ, ಕಂಡ ಮೀನು, ಕಂಡ ಹಕ್ಕಿ, ಬಿದ್ದ ಮಳೆ ಇವುಗಳನ್ನು ತಾರೀಖಿನೊಡನೆ ಬರೆದಿಡಿ. ಒಂದು ತರಗತಿ ಬರೆದುದನ್ನು ಮುಂದಿನ ತರಗತಿ ಮುಂದುವರಿಸಲಿ. ಹತ್ತು ವರ್ಷಗಳ ಬಳಿಕ, ಈ ಕೆರೆಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ಉತ್ತರ ನಿಮ್ಮ ಶಾಲೆಯ ಕಪಾಟಿನಲ್ಲಿರುತ್ತದೆ. ಮೀನಿನ ಹೆಜ್ಜೆ ನೀರಿನಲ್ಲಿ ಮೂಡುವುದಿಲ್ಲ ಎಂದು ನಮ್ಮ ಜನ ಹೇಳುತ್ತಾರೆ. ಅದು ಮೂಡಬೇಕಾದುದು ನೋಡುವವರ ಪುಸ್ತಕದಲ್ಲಿ.